ಗಬ್ಬದ ಹಸು, ಬ್ರುಸೆಲ್ಲಾ ಮತ್ತು ಎರಿಥ್ರಿಟಾಲ್: ಶುಗರ್ ಆಲ್ಕೋಹಾಲ್ ತಿಂದು ಬೆಳೆಯುವ ರೋಗಾಣುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಳು ತಿಂಗಳ ಗಬ್ಬದ ಹಸು ರಾತ್ರಿ ಚೆನ್ನಾಗಿಯೇ ಮೇವು ತಿಂದು ಮಲಗಿರುತ್ತದೆ. ಬೆಳಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಕಂದು ಹಾಕಿರುತ್ತದೆ. ಡೇರಿಗೆ ಹಾಲು ಹಾಕಿ ಬದುಕುವ ಮನೆಗೆ ಇದು ಎಂಥ ಪೆಟ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಲು ಕಾರಣಗಳು ಹಲವು. ಅವುಗಳಲ್ಲಿ ಒಂದು ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ನಾನು ಮೈಕ್ರೋಬಯಾಲಜಿ ಪಾಠ ಮಾಡುವವಳು. "ಅದು ಗರ್ಭಕ್ಕೇ ಯಾಕೆ ಹೋಗಿ ಕೂರುತ್ತದೆ ಮೇಡಂ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಉತ್ತರದ ದೊಡ್ಡ ಪಾಲು ಊಟದಲ್ಲಿದೆ. ಆ ಊಟ ಒಂದು ಶುಗರ್ ಆಲ್ಕೋಹಾಲ್. ಅಲ್ಲಿಂದ ಶುರುವಾಗುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಶುಗರ್ ಆಲ್ಕೋಹಾಲ್ ಅಂದರೆ ಏನು? ಅದರಲ್ಲಿ ಮತ್ತು ಬರುವ ಆಲ್ಕೋಹಾಲ್ ಇದೆಯಾ?

ಇಲ್ಲ. ಕುಡಿದರೆ ಮತ್ತು ಬರುವುದು ಎಥನಾಲ್‌ನಿಂದ. ಇದು ಬೇರೆಯೇ ವಸ್ತು. ಗ್ಲುಕೋಸ್ ಅಣುವಿನ ಒಂದು ತುದಿಯಲ್ಲಿ ಆಲ್ಡಿಹೈಡ್ ಗುಂಪು ಇರುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿಸಿದರೆ ಅಲ್ಲೂ ಒಂದು ಆಲ್ಕೋಹಾಲ್ ಗುಂಪು ಬರುತ್ತದೆ. ಆಗ ಗ್ಲುಕೋಸ್ ಹೋಗಿ ಸಾರ್ಬಿಟಾಲ್ ಆಗುತ್ತದೆ. ರುಚಿ ಸಿಹಿಯಾಗಿಯೇ ಇರುತ್ತದೆ.

ಈ ಕುಟುಂಬದಲ್ಲಿ ಹಲವರಿದ್ದಾರೆ. ಗ್ಲಿಸರಾಲ್‌ಗೆ ಮೂರು ಇಂಗಾಲ, ಎರಿಥ್ರಿಟಾಲ್‌ಗೆ ನಾಲ್ಕು, ಕ್ಸೈಲಿಟಾಲ್‌ಗೆ ಐದು, ಸಾರ್ಬಿಟಾಲ್ ಮತ್ತು ಮ್ಯಾನಿಟಾಲ್‌ಗೆ ಆರು. ಇನೋಸಿಟಾಲ್‌ಗೂ ಆರೇ, ಆದರೆ ಅದು ಉಂಗುರದ ಆಕಾರದಲ್ಲಿದೆ. 'ಶುಗರ್ ಫ್ರೀ' ಚೂಯಿಂಗ್ ಗಮ್, ಟೂತ್‌ಪೇಸ್ಟ್, ಕೆಮ್ಮಿನ ಸಿರಪ್‌ಗಳ ಲೇಬಲ್ ಓದಿ ನೋಡಿ, ಇವರಲ್ಲಿ ಒಬ್ಬರಾದರೂ ಸಿಗುತ್ತಾರೆ.

ಇವು ಪ್ರಾಣಿಗಳ ಮೈಯೊಳಗೆ ಎಲ್ಲಿಂದ ಬರುತ್ತವೆ?

ಸ್ವಲ್ಪ ಊಟದಿಂದ. ಸೇಬು, ಪೇರ್, ಪ್ಲಮ್ ಹಣ್ಣಿನಲ್ಲಿ ಸಾರ್ಬಿಟಾಲ್ ಇದೆ. ಅಣಬೆಯಲ್ಲಿ ಮ್ಯಾನಿಟಾಲ್ ಇದೆ. ಉಳಿದದ್ದನ್ನು ಮೈಯೇ ತಯಾರಿಸುತ್ತದೆ. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಗ್ಲುಕೋಸನ್ನು ಸಾರ್ಬಿಟಾಲ್ ಮಾಡುತ್ತದೆ. ಸಕ್ಕರೆ ಕಾಯಿಲೆಯವರ ಕಣ್ಣಿನ ಮಸೂರದಲ್ಲಿ ಸಾರ್ಬಿಟಾಲ್ ತುಂಬಿಕೊಳ್ಳುವುದು ಇದೇ ಕಿಣ್ವದಿಂದ. ಕೊಬ್ಬು ಒಡೆದರೆ ಗ್ಲಿಸರಾಲ್ ಸಿಗುತ್ತದೆ. ಈ ಆಲ್ಡೋಸ್ ರಿಡಕ್ಟೇಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ರೋಗಾಣುಗೆ ಗ್ಲುಕೋಸ್ ಸಾಲದಾ? ಇದೇ ಯಾಕೆ ಬೇಕು?

ಗ್ಲುಕೋಸ್ ಎಲ್ಲರಿಗೂ ಬೇಕು, ಅದೇ ತೊಂದರೆ. ನಮ್ಮ ಜೀವಕೋಶಗಳು ಅದನ್ನು ಬಿಟ್ಟುಕೊಡುವುದಿಲ್ಲ. ಕರುಳಿನಲ್ಲಾದರೆ ಲಕ್ಷ ಕೋಟಿ ಲೆಕ್ಕದಲ್ಲಿ ಬೇರೆ ಬ್ಯಾಕ್ಟೀರಿಯಾ ಕಾದು ಕೂತಿರುತ್ತವೆ. ಹೊಸದಾಗಿ ಬಂದ ರೋಗಾಣುಗೆ ಪಂಕ್ತಿಯಲ್ಲಿ ಜಾಗವೇ ಇರುವುದಿಲ್ಲ. ಬೇರೆಯವರು ಮುಟ್ಟದ ಪದಾರ್ಥವನ್ನು ತಿನ್ನಲು ಬಂದರೆ ಮಾತ್ರ ಅದಕ್ಕೆ ಹೊಟ್ಟೆ ತುಂಬುತ್ತದೆ.

ಅದಕ್ಕೆ ಬೇಕಾದ ಜೀನ್‌ಗಳು ಸಾಮಾನ್ಯವಾಗಿ ಒಂದರ ಪಕ್ಕ ಒಂದು ಸಾಲಾಗಿ ಕೂತಿರುತ್ತವೆ. ಒಳಗೆ ತರುವ ಬಾಗಿಲು, ಒಡೆಯುವ ಕಿಣ್ವಗಳು, ಜೊತೆಗೆ ಒಂದು ಸ್ವಿಚ್. ಊಟ ಕಂಡಾಗ ಮಾತ್ರ ಸ್ವಿಚ್ ಆನ್ ಆಗುತ್ತದೆ. ಟೈಫಿಮ್ಯೂರಿಯಂ ಎಂಬ ಸಾಲ್ಮೊನೆಲ್ಲಾದಲ್ಲಿ ಇನೋಸಿಟಾಲ್ ತಿನ್ನಲೆಂದೇ 22 ಸಾವಿರಕ್ಕೂ ಜಾಸ್ತಿ ಡಿಎನ್‌ಎ ಅಕ್ಷರಗಳ ಒಂದು ಪೂರ್ತಿ ತುಂಡಿದೆ. ಅಷ್ಟನ್ನು ಅದು ಸುಮ್ನೆ ಹೊತ್ತುಕೊಂಡು ತಿರುಗುವುದಿಲ್ಲ ಅಲ್ವಾ?

ಬ್ರುಸೆಲ್ಲಾ ಹಸುವಿನ ಗರ್ಭಕ್ಕೇ ಯಾಕೆ ಹೋಗುತ್ತದೆ?

ಮೊದಲು ಕಂದು ಹಾಕಿದ ಹಸುವಿನ ಮಾಸನ್ನು ಹತ್ತಿರದಿಂದ ನೋಡೋಣ. ಹಳ್ಳಿಯಲ್ಲಿ ಇದನ್ನು ಕಸ ಅಂತಲೂ ಕರೆಯುತ್ತಾರೆ. ಹಸುವಿನ ಮಾಸು ನಮ್ಮದರ ಹಾಗೆ ಒಂದೇ ತಟ್ಟೆ ಅಲ್ಲ. ಒಂದು ತೆಳು ಪೊರೆ, ಅದರ ಮೇಲೆ ಅಲ್ಲಲ್ಲಿ ಗುಂಡಿ ಹೊಲಿದ ಹಾಗೆ ಸುಮಾರು ನೂರು ಗಂಟುಗಳು. ತಾಯಿಯಿಂದ ಕರುವಿಗೆ ಆಹಾರ ಹೋಗುವುದು ಈ ಗಂಟುಗಳಲ್ಲೇ. ಆರೋಗ್ಯವಾಗಿದ್ದರೆ ಅವು ಕೆಂಪಗೆ, ಮೆತ್ತಗೆ ಇರುತ್ತವೆ. ಬ್ರುಸೆಲ್ಲಾ ಹೊಕ್ಕಿದ್ದರೆ ಗಂಟುಗಳು ಕೊಳೆತು ಬಣ್ಣಗೆಟ್ಟಿರುತ್ತವೆ. ಮಧ್ಯದ ಪೊರೆ ದಪ್ಪಗಾಗಿ ಒದ್ದೆ ಚರ್ಮದ ಹಾಗೆ ಆಗಿರುತ್ತದೆ. ಅಲ್ಲಿಂದ ಚಿಟಿಕೆಯಷ್ಟು ತೆಗೆದು ಸ್ಲೈಡಿಗೆ ಬಳಿದು ಬಣ್ಣ ಹಾಕಿ ನೋಡಿದರೆ, ಒಂದೊಂದು ಜೀವಕೋಶದಲ್ಲೂ ಬ್ಯಾಕ್ಟೀರಿಯಾ ಕಿಕ್ಕಿರಿದು ತುಂಬಿರುತ್ತವೆ. ಅದೇ ಹಸುವಿನ ಬೇರೆ ಅಂಗಗಳಲ್ಲಿ ಹುಡುಕಿದರೆ ಬಹಳ ಕಡಿಮೆ. ಬ್ಯಾಕ್ಟೀರಿಯಾಗಳ ಬಹುಪಾಲು ಈ ಗಂಟು ಮತ್ತು ಪೊರೆಯಲ್ಲೇ ಇರುತ್ತದೆ.

ಇದು ಹೀಗೇಕೆ ಅಂತ ಹಠ ಹಿಡಿದು ಹುಡುಕಿದವರು ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿದ್ದ ಹ್ಯಾರಿ ಸ್ಮಿತ್ ಮತ್ತು ಅವರ ಜೊತೆಗಾರರು. ಗಬ್ಬದ ಹಸುವಿನ ಮಾಸು ಮತ್ತು ಕರುವಿನ ಸುತ್ತಲಿನ ನೀರನ್ನು ಅವರು ಹಂತ ಹಂತವಾಗಿ ಬೇರ್ಪಡಿಸಿದರು. ಯಾವ ಭಾಗ ಹಾಕಿದರೆ ಬ್ರುಸೆಲ್ಲಾ ಜೋರಾಗಿ ಬೆಳೆಯುತ್ತದೆ ಅಂತ ನೋಡುತ್ತಾ ಹೋದರು. ಕೊನೆಗೆ ಕೈಗೆ ಸಿಕ್ಕಿದ್ದು ಎರಿಥ್ರಿಟಾಲ್. 1848ರಲ್ಲಿ ಜಾನ್ ಸ್ಟೆನ್‌ಹೌಸ್ ಕಲ್ಲುಹೂವಿನಿಂದ ಬೇರ್ಪಡಿಸಿದ್ದ ಹಳೇ ರಾಸಾಯನಿಕ ಅದು. ಈ ಫಲಿತಾಂಶ 1962ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಹಸು, ಕುರಿ, ಆಡು, ಹಂದಿಯ ಮಾಸಿನಲ್ಲಿ ಎರಿಥ್ರಿಟಾಲ್ ಸಿಕ್ಕಿತು. ಮನುಷ್ಯ, ಇಲಿ, ಮೊಲ, ಗಿನಿಪಿಗ್‌ಗಳ ಮಾಸಿನಲ್ಲಿ ಅವರಿಗೆ ಸಿಗಲಿಲ್ಲ. ಬ್ರುಸೆಲ್ಲಾದಿಂದ ದೊಡ್ಡ ಪ್ರಮಾಣದಲ್ಲಿ ಕಂದು ಹಾಕುವ ಪ್ರಾಣಿಗಳು ಯಾವುವು? ಮೊದಲ ಪಟ್ಟಿಯವೇ! ಆಗಷ್ಟೇ ಹುಟ್ಟಿದ ಕರುಗಳಿಗೆ ಬ್ಯಾಕ್ಟೀರಿಯಾ ಜೊತೆ ಎರಿಥ್ರಿಟಾಲ್ ಕೊಟ್ಟಾಗ ಸೋಂಕು ಇನ್ನೂ ಜೋರಾಯಿತು.

ಈ ಪ್ರಯೋಗವನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಇಂದಿಗೂ ಮೈ ಜುಮ್ ಅನ್ನುತ್ತದೆ. ರೋಗ ಒಂದು ಅಂಗವನ್ನೇ ಹಿಡಿಯುವುದಕ್ಕೆ ಇಂಥದ್ದೇ ಒಂದು ಪುಟ್ಟ ಅಣು ಕಾರಣ ಅಂತ ಬೆರಳಿಟ್ಟು ತೋರಿಸಿದ ಉದಾಹರಣೆಗಳು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ತೀರಾ ಕಡಿಮೆ.

ಬ್ರುಸೆಲ್ಲಾ ಎರಿಥ್ರಿಟಾಲನ್ನು ಹೇಗೆ ತಿನ್ನುತ್ತದೆ?

ಮೊದಲು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಟಿಪಿ ಖರ್ಚು ಮಾಡಿ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಕಾಸು, ಪ್ರತಿ ಕೆಲಸಕ್ಕೂ ಅದನ್ನೇ ತೆರಬೇಕು. ಫಾಸ್ಫೇಟ್ ಅಂಟಿದ ಮೇಲೆ ಇನ್ನೂ ಕೆಲವು ಕಿಣ್ವಗಳು ಅದರ ಆಕಾರ ಬದಲಿಸುತ್ತವೆ. ಕೊನೆಗೆ ಎರಿಥ್ರೋಸ್-4-ಫಾಸ್ಫೇಟ್ ಆಗಿ, ಬಹುತೇಕ ಎಲ್ಲ ಜೀವಿಗಳಲ್ಲೂ ಇರುವ ಪೆಂಟೋಸ್ ಫಾಸ್ಫೇಟ್ ದಾರಿಗೆ ಸೇರುತ್ತದೆ. ದಾರಿಯ ಪೂರ್ತಿ ನಕ್ಷೆ ಸಿಕ್ಕಿದ್ದು 2014ರಲ್ಲಿ. ಅಲ್ಲಿಯವರೆಗೆ ಪಾಠದಲ್ಲಿ ಹೇಳುತ್ತಿದ್ದ ದಾರಿ ಅರ್ಧ ತಪ್ಪಾಗಿತ್ತು.

ಎದುರಿಗೆ ಗ್ಲುಕೋಸ್ ಮತ್ತು ಎರಿಥ್ರಿಟಾಲ್ ಎರಡೂ ಇದ್ದರೆ ಹಸುಗಳನ್ನು ಕಾಡುವ ಬ್ರುಸೆಲ್ಲಾ ಅಬಾರ್ಟಸ್ ಕೈ ಹಾಕುವುದು ಎರಿಥ್ರಿಟಾಲ್‌ಗೆ. ಗ್ಲುಕೋಸ್ ಬಿಟ್ಟು ಬೇರೆಯದನ್ನು ಮೊದಲು ತಿನ್ನುವ ಬ್ಯಾಕ್ಟೀರಿಯಾ ಅಪರೂಪ.

ಎಸ್19 ಲಸಿಕೆಗೂ ಇದಕ್ಕೂ ಸಂಬಂಧ ಇದೆಯಂತೆ, ಹೌದಾ?

ಹೌದು, ಸ್ವಾರಸ್ಯ ಇರುವುದೇ ಇಲ್ಲಿ. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜರ್ಸಿ ಹಸುವಿನ ಹಾಲಿನಿಂದ ಬ್ರುಸೆಲ್ಲಾ ಬೇರ್ಪಡಿಸಿದರು. ಆ ಕಲ್ಚರ್ ಒಂದು ವರ್ಷಕ್ಕೂ ಜಾಸ್ತಿ ಲ್ಯಾಬಿನಲ್ಲಿ ಹಾಗೇ ಉಳಿದುಬಿಟ್ಟಿತ್ತು. ತೆಗೆದು ಪರೀಕ್ಷಿಸಿದರೆ ಅದರ ರೋಗ ತರುವ ಶಕ್ತಿ ಕುಂದಿತ್ತು. ಅದೇ ಎಸ್19. ಇಂದಿಗೂ ನಮ್ಮ ಕರುಗಳಿಗೆ ಹಾಕುವ ಲಸಿಕೆ ಅದೇ.

ಈ ಎಸ್19 ಮುಂದೆ ಎರಿಥ್ರಿಟಾಲ್ ಇಟ್ಟರೆ ಅದು ಬೆಳೆಯುವುದಿಲ್ಲ. ಅದರ ಬೆಳವಣಿಗೆಯೇ ನಿಂತುಬಿಡುತ್ತದೆ. ಕಾರಣ ತಿಳಿದದ್ದು 1990ರ ದಶಕದಲ್ಲಿ. ಎರಿಥ್ರಿಟಾಲ್ ತಿನ್ನುವ ಜೀನ್‌ಗಳ ಸಾಲಿನಲ್ಲಿ ಸುಮಾರು 700 ಅಕ್ಷರಗಳ ತುಂಡೊಂದು ಎಸ್19ರಲ್ಲಿ ಉದುರಿಹೋಗಿದೆ. ಮೊದಲ ಕಿಣ್ವ ಸರಿಯಾಗಿದೆ. ಅದು ಎಟಿಪಿ ಖರ್ಚು ಮಾಡಿ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ಮುಂದಿನ ಕೆಲಸ ಮಾಡುವ ಕಿಣ್ವ ಇಲ್ಲ. ಅರ್ಧ ಬೆಂದ ಸರಕು ಒಳಗೆ ರಾಶಿ ಬೀಳುತ್ತದೆ. ಕಾಸು ಖಾಲಿಯಾಗುತ್ತದೆ, ಒಂದು ಪೈಸೆಯೂ ವಾಪಸ್ ಬರುವುದಿಲ್ಲ.

ಭಾರತದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ (ಬ್ರುಸೆಲ್ಲಾದಿಂದ ಬರುವ ರೋಗ) ಎರಡಕ್ಕೂ ಸೇರಿಸಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಬ್ರುಸೆಲ್ಲಾ ಲಸಿಕೆ ಹಾಕುತ್ತಾರೆ. ಆ ವಯಸ್ಸು ಮೀರದ ಹಾಗೆ ನೋಡಿಕೊಳ್ಳಿ. ಗಂಡು ಕರುವಿಗೂ ಗಬ್ಬದ ಹಸುವಿಗೂ ಹಾಕುವಂತಿಲ್ಲ.

ಹಾಗಾದರೆ ಎಲ್ಲಕ್ಕೂ ಎರಿಥ್ರಿಟಾಲೇ ಕಾರಣವಾ?

ಅಲ್ಲ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಯಾಕೆಂದರೆ ಈ ಕತೆ ಎಷ್ಟು ಚೆನ್ನಾಗಿದೆ ಅಂದರೆ ಜನ ಅಲ್ಲಿಗೇ ನಿಂತುಬಿಡುತ್ತಾರೆ. ಎರಿಥ್ರಿಟಾಲ್ ಇದ್ದರೆ ಬೆಳೆಯಲಾಗದ ಎಸ್19 ಕೂಡ ಗಬ್ಬದ ಹಸುವಿಗೆ ಹಾಕಿದರೆ ಕೆಲವೊಮ್ಮೆ ಕಂದು ಹಾಕಿಸುತ್ತದೆ. ಎರಿಥ್ರಿಟಾಲ್ ತಿನ್ನಲು ಬರದ ಹಾಗೆ ಮಾಡಿದ ಬ್ರುಸೆಲ್ಲಾ ಕೂಡ ಇಲಿಗಳಲ್ಲಿ ಚೆನ್ನಾಗಿಯೇ ಸೋಂಕು ತರುತ್ತದೆ. ಹೆಂಗಸರಿಗೆ ಬಸುರಿನಲ್ಲಿ ಬ್ರುಸೆಲ್ಲೋಸಿಸ್ ಬಂದರೆ ಗರ್ಭಪಾತದ ಅಪಾಯ ಅವರಿಗೂ ಇದೆ. ಇನ್ನೊಂದು ಕಡೆ, ಟಗರುಗಳನ್ನು ಕಾಡುವ ಬ್ರುಸೆಲ್ಲಾ ಓವಿಸ್‌ಗೆ ಎರಿಥ್ರಿಟಾಲ್ ತಿನ್ನಲು ಬರುವುದಿಲ್ಲ. ಕುರಿಗಳಲ್ಲಿ ಅದರಿಂದ ಗರ್ಭಪಾತ ಆಗುವುದೂ ಕಡಿಮೆ. ನನ್ನ ತಿಳಿವಳಿಕೆಯಲ್ಲಿ ಎರಿಥ್ರಿಟಾಲ್ ಆ ಬ್ಯಾಕ್ಟೀರಿಯಾವನ್ನು ಗರ್ಭಕ್ಕೆ ಕರೆದೊಯ್ಯುವ ದಾರಿಯಲ್ಲ. ಅಲ್ಲಿಗೆ ತಲುಪಿದ ಮೇಲೆ ಮಿತಿ ಮೀರಿ ಬೆಳೆಯಲು ಸಿಗುವ ಔತಣ.

ಹಲ್ಲಿಗೆ ಕ್ಸೈಲಿಟಾಲ್ ಒಳ್ಳೆಯದು ಅನ್ನುತ್ತಾರಲ್ಲ, ಅದೂ ಬ್ಯಾಕ್ಟೀರಿಯಾಗೆ ಊಟವೇ ಅಲ್ಲವೇ?

ಎಸ್19 ಕತೆಯನ್ನೇ ಇಲ್ಲಿ ಮತ್ತೆ ನೋಡಬಹುದು. ಹುಳುಕು ತರುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಸಾರ್ಬಿಟಾಲನ್ನೂ ಮ್ಯಾನಿಟಾಲನ್ನೂ ನಿಧಾನವಾಗಿ ತಿನ್ನುತ್ತದೆ. ಕ್ಸೈಲಿಟಾಲ್ ಮಾತ್ರ ಅದಕ್ಕೆ ದಕ್ಕುವುದಿಲ್ಲ. ಫ್ರಕ್ಟೋಸ್ ಅಂದುಕೊಂಡು ಒಳಗೆ ತರುತ್ತದೆ, ಫಾಸ್ಫೇಟ್ ಅಂಟಿಸುತ್ತದೆ, ಮುಂದಕ್ಕೆ ದಾರಿ ಇಲ್ಲ. ಮತ್ತೆ ಫಾಸ್ಫೇಟ್ ಕಿತ್ತು ಹೊರಗೆ ತಳ್ಳಬೇಕು. ಹೀಗೆ ತರುವುದು, ತಳ್ಳುವುದು, ಶಕ್ತಿ ಸುಮ್ನೆ ಸೋರಿಹೋಗುತ್ತದೆ. ಫಿನ್ಲೆಂಡಿನ ಟುರ್ಕು ನಗರದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ನಡೆದ ಅಧ್ಯಯನಗಳಿಂದ ಕ್ಸೈಲಿಟಾಲ್ ಗಮ್ ಹೆಸರು ಮಾಡಿತು. ಮನೆಯಲ್ಲಿ ನಾಯಿ ಇದ್ದರೆ ಒಂದು ಎಚ್ಚರಿಕೆ: ಕ್ಸೈಲಿಟಾಲ್ ನಾಯಿಗೆ ವಿಷ. ಗಮ್ ಡಬ್ಬಿ ಕೈಗೆಟುಕುವ ಹಾಗೆ ಇಡಬೇಡಿ.

ಕರುಳಿನ ಸೋಂಕುಗಳಲ್ಲೂ ಹೀಗೆ ಆಗುತ್ತದಾ?

ಆಗುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಬರುವ ಕೆಟ್ಟ ಭೇದಿಗೆ ಇದೊಂದು ಮುಖ್ಯ ಕಾರಣ. ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟು ಕರುಳಿನಲ್ಲಿ ಏನೇನು ಬದಲಾಯಿತು ಅಂತ 2014ರಲ್ಲಿ ಅಳೆದು ನೋಡಿದರು. ಸಾರ್ಬಿಟಾಲ್, ಮ್ಯಾನಿಟಾಲ್ ಎರಡೂ ಏರಿದ್ದವು. ಅದನ್ನು ತಿನ್ನುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋದರೆ ತಿನ್ನುವವರು ಯಾರು? ಊಟ ಹಾಗೇ ಉಳಿಯುತ್ತದೆ. ಡಿಫಿಸಿಲ್‌ಗೆ ಎರಡೂ ಆಗುತ್ತವೆ.

2021ರಲ್ಲಿ ಸ್ಟ್ಯಾನ್‌ಫೋರ್ಡಿನ ಪ್ರಸ್ ಮತ್ತು ಸೋನೆನ್‌ಬರ್ಗ್ ಎಂಬಿಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಿಷ ಬಿಡುವ ಡಿಫಿಸಿಲ್ ಮತ್ತು ವಿಷ ಬಿಡದ ಡಿಫಿಸಿಲ್ ಎರಡನ್ನೂ ಇಲಿಗಳಲ್ಲಿ ಹೋಲಿಸಿದರು. ವಿಷದಿಂದ ಕರುಳಿಗೆ ಗಾಯವಾಗಿ ಉರಿಯೂತ ಬಂದಾಗ ಇಲಿಯ ಮೈಯಲ್ಲೇ ಆಲ್ಡೋಸ್ ರಿಡಕ್ಟೇಸ್ ಜಾಸ್ತಿಯಾಗುತ್ತದೆ. ಅದು ಸಾರ್ಬಿಟಾಲ್ ಮಾಡುತ್ತದೆ. ಅದನ್ನು ಡಿಫಿಸಿಲ್ ತಿನ್ನುತ್ತದೆ. ಅಂದರೆ ಗಾಯ ಮಾಡಿ, ಆ ಗಾಯದಿಂದಲೇ ಊಟ ಹುಟ್ಟಿಸಿಕೊಳ್ಳುತ್ತದೆ. ವಿಷ ಯಾಕೆ ಬಿಡುತ್ತದೆ ಅನ್ನುವ ಪ್ರಶ್ನೆಗೆ ಇದೂ ಒಂದು ಉತ್ತರ ಅಂತ ನಾನು ನಂಬುತ್ತೇನೆ.

ಲ್ಯಾಬಿನಲ್ಲಿ ರೋಗಾಣು ಗುರುತಿಸಲು ಇವು ಉಪಯೋಗವಾಗುತ್ತವಾ?

ದಿನಾ. ಕೀವಿನ ಸ್ಯಾಂಪಲ್ ಬಂದರೆ ಮ್ಯಾನಿಟಾಲ್ ಸಾಲ್ಟ್ ಅಗಾರ್ ಪ್ಲೇಟಿಗೆ ಎಳೆಯಬಹುದು. ಅದರಲ್ಲಿ 7.5% ಉಪ್ಪು, ಜೊತೆಗೆ ಮ್ಯಾನಿಟಾಲ್. ಅಷ್ಟು ಉಪ್ಪಿನಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ. ಸಂಜೆ ಇನ್‌ಕ್ಯುಬೇಟರಿನಲ್ಲಿ ಇಡುವಾಗ ಪ್ಲೇಟು ತಿಳಿ ಕೆಂಪು. ಬೆಳಗ್ಗೆ ತೆಗೆದಾಗ ಸ್ಟೆಫೈಲೋಕಾಕಸ್ ಆರಿಯಸ್ ಇದ್ದರೆ ಎಳೆದ ಗೆರೆಯುದ್ದಕ್ಕೂ ಅರಿಶಿನದ ಬಣ್ಣ ಹರಡಿರುತ್ತದೆ. ಮ್ಯಾನಿಟಾಲ್ ತಿಂದು ಆಮ್ಲ ಬಿಟ್ಟಿದೆ ಅಂತ ಅರ್ಥ. ಮೊದಲ ಸಲ ನೋಡುವ ಮಕ್ಕಳು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ತಿನ್ನದೇ ಇರುವುದೂ ಗುರುತಾಗಬಹುದು. ಸಾಮಾನ್ಯ ಇ. ಕೋಲೈಗಳಲ್ಲಿ ಹೆಚ್ಚಿನವು ಸಾರ್ಬಿಟಾಲ್ ತಿನ್ನುತ್ತವೆ. ರಕ್ತಭೇದಿ ತರುವ ಒ157:ಎಚ್7 ಒಂದು ದಿನದೊಳಗೆ ತಿನ್ನುವುದಿಲ್ಲ. ಸಾರ್ಬಿಟಾಲ್ ಹಾಕಿದ ಮೆಕಾಂಕಿ ಅಗಾರ್ ಮೇಲೆ ಗುಲಾಬಿ ಚುಕ್ಕೆಗಳ ನಡುವೆ ಅದು ಬಣ್ಣವಿಲ್ಲದ ಚುಕ್ಕೆಯಾಗಿ ಕಾಣುತ್ತದೆ.

ಈ ಊಟ ತಡೆಯುವ ಔಷಧಿ ಮಾಡಿದರೆ ರೋಗ ವಾಸಿಯಾಗುವುದಿಲ್ಲವೇ?

ಆಸೆ ಎಲ್ಲರಿಗೂ ಇದೆ. ಆದರೆ ಕ್ಷಯದ ಬ್ಯಾಕ್ಟೀರಿಯಾ ಕಲಿಸಿದ ಪಾಠ ಮರೆಯಬಾರದು. ಗ್ಲಿಸರಾಲ್ ಹಾಕಿದರೆ ಅದು ಚೆನ್ನಾಗಿ ಬೆಳೆಯುತ್ತದೆ ಅಂತ 1887ರಲ್ಲೇ ನೊಕಾರ್ ಮತ್ತು ರೂ ತೋರಿಸಿದ್ದರು. ಕಾಲ್ಮೆಟ್ ಮತ್ತು ಗೆರಾನ್ ಬಿಸಿಜಿ ಲಸಿಕೆ ತಯಾರಿಸಿದ್ದೂ ಗ್ಲಿಸರಾಲ್, ಎತ್ತಿನ ಪಿತ್ತರಸ ಮತ್ತು ಆಲೂಗಡ್ಡೆಯ ಮೇಲೆ, 1908ರಿಂದ 13 ವರ್ಷ, 230 ಸಲ ಮರುಬಿತ್ತಿ. ಹಾಗಾಗಿ ಲ್ಯಾಬುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾಗೆ ಗ್ಲಿಸರಾಲ್ ಹಾಕುವುದು ರೂಢಿಯಾಯಿತು.

2010ರಲ್ಲಿ ಒಂದು ಸಂಶೋಧನೆ ಹೊರಬಂತು. ಹೊಸ ರಾಸಾಯನಿಕಗಳ ಒಂದು ಗುಂಪು ಲ್ಯಾಬಿನ ಪ್ಲೇಟಿನಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತಿತ್ತು. ಇಲಿಗೆ ಕೊಟ್ಟರೆ ಏನೂ ಆಗಲಿಲ್ಲ. ಕೆದಕಿ ನೋಡಿದಾಗ ಗೊತ್ತಾಯಿತು, ಆ ರಾಸಾಯನಿಕ ಕೊಲ್ಲುತ್ತಿದ್ದದ್ದು ಗ್ಲಿಸರಾಲ್ ಇದ್ದಾಗ ಮಾತ್ರ. ಗ್ಲಿಸರಾಲ್ ಫಾಸ್ಫೇಟ್ ಒಳಗೆ ರಾಶಿ ಬಿದ್ದು ಎಟಿಪಿ ಖಾಲಿಯಾಗುತ್ತಿತ್ತು. ಎಸ್19ರಲ್ಲಿ ಕಂಡದ್ದೇ ಅಲ್ವಾ ಇದು? ಆದರೆ ಇಲಿಯ ಶ್ವಾಸಕೋಶದಲ್ಲಿ ಆ ಬ್ಯಾಕ್ಟೀರಿಯಾ ಗ್ಲಿಸರಾಲ್ ನೆಚ್ಚಿಕೊಂಡಿರಲಿಲ್ಲ. ಅಲ್ಲಿ ಅದರ ಊಟ ಮುಖ್ಯವಾಗಿ ಕೊಬ್ಬು ಮತ್ತು ಕೊಲೆಸ್ಟ್ರಾಲ್. ವರ್ಷಗಟ್ಟಲೆ ಮಾಡಿದ ಕೆಲಸ ಕೈಬಿಡಬೇಕಾಯಿತು. ಅದಕ್ಕೇ ನಾನು ಹೇಳುವುದು, ಬ್ಯಾಕ್ಟೀರಿಯಾ ಏನು ತಿನ್ನಬಲ್ಲದು ಅನ್ನುವುದು ಒಂದು ಪ್ರಶ್ನೆ. ರೋಗಿಯ ಮೈಯೊಳಗೆ ಏನು ತಿನ್ನುತ್ತಿದೆ ಅನ್ನುವುದು ಬೇರೆ ಪ್ರಶ್ನೆ.

ನಾನು ಚಹಾಕ್ಕೆ ಎರಿಥ್ರಿಟಾಲ್ ಹಾಕಿಕೊಳ್ಳುತ್ತೇನೆ. ಬ್ರುಸೆಲ್ಲಾ ಬರುತ್ತದಾ?

ಬ್ರುಸೆಲ್ಲಾ ಬರುವುದು ಸೋಂಕಿರುವ ಪ್ರಾಣಿಯಿಂದ, ಸಿಹಿ ಪುಡಿಯಿಂದ ಅಲ್ಲ. ತಿಂದ ಎರಿಥ್ರಿಟಾಲ್‌ನ ಸುಮಾರು 90% ಬದಲಾಗದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ನಮ್ಮ ಹಸು ಕಂದು ಹಾಕಿದೆ. ಈಗ ಏನು ಮಾಡಬೇಕು?

ಬರಿಗೈಯಲ್ಲಿ ಮುಟ್ಟಬೇಡಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದೇ. ಕಂದು, ಮಾಸು, ಸುತ್ತಲಿನ ನೀರು, ಹಾಸಿದ ಹುಲ್ಲು, ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರಬಹುದು. ಕಸ ಬೀಳದಿದ್ದರೆ ಕೈ ಹಾಕಿ ಎಳೆಯಲು ಹೋಗಬೇಡಿ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇರಲಿ. ಬಸುರಿ ಹೆಂಗಸರು, ಮಕ್ಕಳು ಹತ್ತಿರ ಬರುವುದು ಬೇಡ. ನಾಯಿ ಎಳೆದುಕೊಂಡು ಹೋಗದ ಹಾಗೆ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಹಳ್ಳಕ್ಕೆ, ತಿಪ್ಪೆಗೆ ಎಸೆಯುವುದು ಬೇಡವೇ ಬೇಡ. ಆ ಹಸುವನ್ನು ಉಳಿದವುಗಳಿಂದ ಬೇರೆ ಕಟ್ಟಿ.

ಹೂಳುವ ಮೊದಲು ಪಶುವೈದ್ಯರಿಗೆ ಹೇಳಿ, ಅವರಿಗೆ ಸ್ಯಾಂಪಲ್ ಬೇಕಾಗಬಹುದು. ಕರ್ನಾಟಕದಲ್ಲಿ ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು. ಎರಿಥ್ರಿಟಾಲ್ ಫಲಿತಾಂಶ ಹೊರಬಂದ ವರ್ಷವೂ 1962, ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಈ ನಂಬರ್ ಮರೆಯುವುದಿಲ್ಲ. ರಕ್ತ ತೆಗೆದು ರೋಸ್ ಬೆಂಗಾಲ್ ಪರೀಕ್ಷೆ ಮಾಡುತ್ತಾರೆ. ಪ್ರಾಣಿಗಳ ಬ್ರುಸೆಲ್ಲೋಸಿಸ್ ಬಗ್ಗೆ ನಮ್ಮ ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆಯಲ್ಲೇ ಸಂಶೋಧನೆ ನಡೆಯುತ್ತದೆ. ಇನ್ನೊಂದು ಮಾತು. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ತುಂಬು ತಿಂಗಳಿಗೆ ಕರು ಹಾಕಬಹುದು. ಆಗ ರೋಗ ಹೋಯಿತು ಅಂದುಕೊಳ್ಳಬೇಡಿ. ಹಾಲಿನಲ್ಲಿ, ಮಾಸಿನಲ್ಲಿ ಬ್ಯಾಕ್ಟೀರಿಯಾ ಬರುತ್ತಲೇ ಇರಬಹುದು.

ಆ ಹಸುವಿನ ಹಾಲು ಕುಡಿಯಬಹುದಾ? ಗಿಣ್ಣು?

ಹಸಿ ಹಾಲು ಬೇಡ. ಕರೆದ ತಕ್ಷಣ ನೊರೆ ಹಾಲು ಕುಡಿಯುವ ಅಭ್ಯಾಸ ಇದ್ದರೆ ಬಿಡಿ. 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಮಾಡಿದರೂ ಬ್ರುಸೆಲ್ಲಾ ಸಾಯುತ್ತದೆ, ಹಾಗಾಗಿ ಚೆನ್ನಾಗಿ ಉಕ್ಕಿಸಿದ ಹಾಲಿನಲ್ಲಿ ಉಳಿಯುವುದಿಲ್ಲ. ಗಿಣ್ಣನ್ನು ಪೂರ್ತಿ ಬೇಯುವವರೆಗೆ ಹಬೆಯಲ್ಲಿಡಿ.

ಮನುಷ್ಯರಿಗೆ ಬಂದರೆ ಹೇಗೆ ಗೊತ್ತಾಗುತ್ತದೆ?

ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ರಾತ್ರಿ ಬೆವರು, ಸೊಂಟ ನೋವು, ಕೀಲು ನೋವು, ಸುಸ್ತು. ಗಂಡಸರಿಗೆ ವೃಷಣ ಊದಿಕೊಳ್ಳಬಹುದು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ಬ್ಯಾಕ್ಟೀರಿಯಾ ಕಂಡುಹಿಡಿದಾಗ ಅವರ ಮುಂದಿದ್ದದ್ದು ಇಂಥದ್ದೇ ಜ್ವರದ ಸೈನಿಕರು. ಇದನ್ನು ಟೈಫಾಯಿಡ್ ಅಂತಲೋ ಕ್ಷಯ ಅಂತಲೋ ತಪ್ಪು ತಿಳಿಯುವುದು ಸುಲಭ. ಗುರುತು ಸಿಕ್ಕರೆ ವಾಸಿಯಾಗುವ ಕಾಯಿಲೆ. ಸಾಮಾನ್ಯವಾಗಿ ಎರಡು ಆಂಟಿಬಯಾಟಿಕ್ ಸೇರಿಸಿ ಆರು ವಾರ ಕೊಡುತ್ತಾರೆ. ಎರಡೇ ವಾರಕ್ಕೆ ಜ್ವರ ಬಿಟ್ಟಿತು ಅಂತ ಮಾತ್ರೆ ನಿಲ್ಲಿಸಿದರೆ ಮರುಕಳಿಸುತ್ತದೆ.

ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವಾಗಿಯೇ ಹೇಳಿ: "ನಮ್ಮ ಮನೆಯಲ್ಲಿ ಹಸು ಇದೆ, ಎರಡು ತಿಂಗಳ ಹಿಂದೆ ಕಂದು ಹಾಕಿತ್ತು, ಕಸ ನಾನೇ ತೆಗೆದೆ."